ಗೋಪುರದ ಎತ್ತರವನ್ನು ಕೂಡಿಸಿದ ಮುಂಡಪ್ಪ ಮಾಸ್ತರರು

ಮುಂಡಪ್ಪ ಮಾಸ್ತರರನ್ನು ನೋಡುವುದಕ್ಕೆ ಮೊದಲು ನಾನು ಅವರ ತಪ್ಪನ್ನು ನೋಡಿದ್ದೆ. ೧೯೬೨ರ ಬೇಸಿಗೆಯಲ್ಲಿ ಪಿ.ಯು.ಸಿ. ಭೌತಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದಲು ಮೈಸೂರಿಗೆ ಹೋಗಿದ್ದೆ. ಪ್ರಶ್ನೆ ಸುಲಭದ್ದು. ಅರವತ್ತನಾಲ್ಕು ಅಡಿ ಎತ್ತರದ ಗೋಪುರದ ತುದಿಯಿಂದ ಒಂದು ಕಲ್ಲನ್ನು ಸೆಕೆಂಡಿಗೆ ನಲವತ್ತು ಅಡಿ ವೇಗದಲ್ಲಿ ನೇರ ಅಡ್ಡಕ್ಕೆ ಎಸೆದರೆ ಅದು ಬುಡದಿಂದ ಎಷ್ಟು ದೂರದಲ್ಲಿ ಬೀಳುತ್ತದೆ? ಅಷ್ಟು ಎತ್ತರದಿಂದ ಕೆಳಗೆ ಬೀಳಲು ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡಿನಲ್ಲಿ ಕಲ್ಲು ಅಡ್ಡಕ್ಕೆ ಎಂಬತ್ತು ಅಡಿ ಹೋಗಿರುತ್ತದೆ. ಅಲ್ಲಿಗೆ ಲೆಕ್ಕ ಮುಗಿಯಿತು.

ತಪ್ಪು ಮಾಡುವ ಹುಡುಗರು ಸಾಮಾನ್ಯವಾಗಿ ತಮ್ಮ ತಮ್ಮ ದಾರಿಯಲ್ಲಿ ತಪ್ಪು ಮಾಡುತ್ತಾರೆ. ಆದರೆ ಒಂದು ಕಟ್ಟಿನಲ್ಲಿ ಹಲವರು ಒಂದೇ ತಪ್ಪನ್ನು ಒಂದೇ ಕ್ರಮದಲ್ಲಿ ಮಾಡಿದ್ದರು. ಎಸೆತದ ದೂರದ ಸೂತ್ರವನ್ನು ಬರೆದಿದ್ದರು. ಅಡ್ಡಕ್ಕೆ ಎಸೆದ ಕಲ್ಲಿಗೆ ಕೋನವೇ ಇಲ್ಲವಾದ್ದರಿಂದ ಆ ಸೂತ್ರ ಸೊನ್ನೆ ಕೊಟ್ಟಿತ್ತು. ಆ ಸೊನ್ನೆಗೆ ಗೋಪುರದ ಎತ್ತರವನ್ನು ಕೂಡಿಸಿ, ಅರವತ್ತನಾಲ್ಕು ಅಡಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ನಕಲು ಮಾಡಿದ್ದಾರೆ ಎಂದುಕೊಂಡೆ. ನಕಲಾಗಿದ್ದರೆ ಎಷ್ಟೋ ವಾಸಿಯಿತ್ತು. ಇದನ್ನು ಯಾರೋ ಕುಳ್ಳಿರಿಸಿ ಕಲಿಸಿದ್ದರು.

ಕಲಿಸಿದವರು ಶಿರ್ತಾಡಿಯ ಹತ್ತಿರದ ಒಂದು ದೊಡ್ಡ ಮನೆಯ ಮುಂಡಪ್ಪ ಶೆಟ್ಟರು. ಊರಿನವರಿಗೆ ಮುಂಡಪ್ಪ ಮಾಸ್ತರರು. ಯುದ್ಧದ ಕಾಲದಲ್ಲಿ ಮನೆಯವರು ಅವರನ್ನು ಬಿ.ಎಸ್ಸಿ. ಓದಲು ಮದ್ರಾಸಿಗೆ ಕಳುಹಿಸಿದ್ದರು. ಅವರು ಕರಿ ಕೋಟು, ಒಂದು ಜೊತೆ ಬೂಟು ಮತ್ತು ಸಿಗರೇಟಿನ ಅಭ್ಯಾಸದೊಂದಿಗೆ ವಾಪಸು ಬಂದರು. ಪದವಿ ಬರಲಿಲ್ಲ. ಇದನ್ನು ಅವರು ಎಂದೂ ಸುಳ್ಳು ಹೇಳಿ ಮುಚ್ಚಲಿಲ್ಲ. "ನಾನು ಮದ್ರಾಸಿನಲ್ಲಿ ಬಿ.ಎಸ್ಸಿ. ಓದಿದವ" ಎನ್ನುತ್ತಿದ್ದರು. ಓದಿದ್ದು ನಿಜವೇ. ಉಳಿದದ್ದನ್ನು ಕೇಳಿದವರು ತಾವೇ ಸೇರಿಸಿಕೊಳ್ಳುತ್ತಿದ್ದರು. ಬಂಟ್ವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ವಿಜ್ಞಾನ ಹೇಳಿಕೊಟ್ಟರು. ಹೊಸ ರಾಜ್ಯವಾದ ಮೇಲೆ ಇನ್‌ಸ್ಪೆಕ್ಟರರು ಸರ್ಟಿಫಿಕೇಟು ಕೇಳಿದಾಗ, "ಟ್ರಂಕಿನಲ್ಲಿ ಉಂಟು, ಒರಲೆ ತಿಂದಿದೆ" ಎಂದರು. ಕೆಲಸ ಹೋಯಿತು. ಆಮೇಲೆ ಮೂಡಬಿದಿರೆಯಲ್ಲಿ ಒಂದು ಜವಳಿ ಅಂಗಡಿಯ ಮಾಳಿಗೆಯನ್ನು ಹಿಡಿದು, ಪರೀಕ್ಷೆಯಲ್ಲಿ ನಪಾಸಾದವರಿಗೆ ಟ್ಯುಟೋರಿಯಲ್ ತೆರೆದರು. ನಪಾಸಾದವರಿಗೆ ಕಲಿಸಲು ಇವರಿಗಿಂತ ಅನುಭವಸ್ಥರು ಆ ಊರಿನಲ್ಲಿ ಇರಲಿಲ್ಲ.

ಮುಂದೆ ಒಮ್ಮೆ ಮಂಗಳೂರಿನಲ್ಲಿ ಅವರನ್ನು ನೋಡಿದೆ. ಎತ್ತರದ ಆಳು, ಒಳ್ಳೆಯ ಕಂಠ. ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ತಲೆಯಾಡಿಸುವ ಸ್ವಭಾವ. ಆ ಕಂಠದಿಂದಲೇ ಅವರು ಭೌತಶಾಸ್ತ್ರವನ್ನು ಕಲಿಸುತ್ತಿದ್ದರು. ಎಸೆತದ ಲೆಕ್ಕಗಳಿಗೆ ಮೂರು ಸೂತ್ರ: ಎಷ್ಟು ದೂರ, ಎಷ್ಟು ಎತ್ತರ, ಎಷ್ಟು ಹೊತ್ತು. ಸಂಜೆ ಐದಕ್ಕೆ ಮಾಳಿಗೆಯಲ್ಲಿ ಎಲ್ಲರೂ ಎದ್ದು ನಿಂತು "ಯು ಸ್ಕ್ವೇರ್ ಸೈನ್ ಟೂ ತೀಟಾ ಬೈ ಜಿ" ಎಂದು ಭಜನೆಯಂತೆ ಹೇಳಬೇಕು. ಕೆಳಗೆ ಸೀರೆ ಆರಿಸುತ್ತಿದ್ದ ಹೆಂಗಸರಿಗೂ ಅದು ಬಾಯಿಪಾಠವಾಗಿತ್ತಂತೆ. ಆ ಸೂತ್ರ ನೆಲದಿಂದ ಎಸೆದು ಅದೇ ಮಟ್ಟದ ನೆಲಕ್ಕೆ ಬೀಳುವ ಕಲ್ಲಿಗೆ ಮಾತ್ರ ಸಲ್ಲುತ್ತದೆ ಎಂಬುದು ಮಾಸ್ತರರಿಗೆ ತಿಳಿದಿರಲಿಲ್ಲ. ಗೋಪುರದ ಮೇಲಿನಿಂದ ಎಸೆದ ಲೆಕ್ಕ ಬಂದರೆ ಅವರಲ್ಲಿ ಸ್ವಂತ ಉಪಾಯವಿತ್ತು.

"ತೆಂಗಿನ ಮರ ಕಡಿಸುವಾಗ ನೀವು ಎಲ್ಲಿ ನಿಲ್ತೀರಿ?" ಎಂದು ಕೇಳುತ್ತಿದ್ದರು. "ಅರವತ್ತು ಅಡಿಯ ಮರ ಬಿದ್ದರೆ ತುದಿ ಎಲ್ಲಿ ಬಡಿತದೆ? ಅರವತ್ತು ಅಡಿ ಆಚೆ. ಹಾಗಾದರೆ ಮರದ ಎತ್ತರ ಎಲ್ಲಿಗೆ ಹೋಯಿತು? ದೂರಕ್ಕೆ ಸೇರಿತು. ಗೋಪುರದ್ದೂ ಅಷ್ಟೇ ಮಾರಾಯರೇ. ಸೂತ್ರದಿಂದ ಬಂದದ್ದಕ್ಕೆ ಎತ್ತರ ಕೂಡಿಸಿ. ಇದು ಯಾವ ಪುಸ್ತಕದಲ್ಲಿಯೂ ಇಲ್ಲ."

ಇಲ್ಲದಿರುವುದಕ್ಕೆ ಕಾರಣವಿತ್ತು. ಆದರೆ ಕೇಳಿದವರೆಲ್ಲ ಮನೆಯ ಹಿತ್ತಲಲ್ಲಿ ಮರ ಕಡಿಸುವುದನ್ನು ಕಂಡವರು. ಹೆಂಚಿನ ಮಾಡಿಗೆ ಬೀಳದಂತೆ ಹಗ್ಗ ಕಟ್ಟಿ ಎಳೆದವರು. ಕಣ್ಣಿಗೆ ಕಂಡದ್ದನ್ನು ಹೇಳುವ ಮಾಸ್ತರರು ಎಂದು ಅವರಿಗೆ ಬಹಳ ಹೆಮ್ಮೆ. ಬುಡ ನೆಲದಲ್ಲಿ ನಿಂತು ಮಗುಚುವ ಮರಕ್ಕೂ ಕೈಯಿಂದ ಬಿಟ್ಟುಹೋದ ಕಲ್ಲಿಗೂ ಯಾವ ನಂಟೂ ಇಲ್ಲ ಎಂದು ಅವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಒಬ್ಬನಿಗೆ ಅರ್ಧ ಹೊಳೆದಿತ್ತು. ಪುಂಜಾಲಕಟ್ಟೆಯ ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಲೋಕಯ್ಯನಿಗೆ. ಮೂವತ್ತರ ಸಮೀಪದ ಈ ಮನುಷ್ಯ ಹಿಂದೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಒಂದರಲ್ಲೇ ಉಳಿದಿದ್ದ. ಅದು ಪಾಸಾದರೆ ಮೇಲಿನ ತರಗತಿಗಳಿಗೆ ಬಡ್ತಿ. ಅವನ ಮನೆಯವರು ಮುಂಡಪ್ಪ ಮಾಸ್ತರರ ಕುಟುಂಬದ ಒಕ್ಕಲು. ಒಂದು ದಿನ ನೂರು ಅಡಿಯ ಗೋಪುರದ ಲೆಕ್ಕ ನಡೆದಾಗ ಅವನು ಎದ್ದು ನಿಂತ.

"ಮಾಸ್ಟ್ರೇ, ಎತ್ತರ ಕೂಡಿಸಿದ್ದಾಯಿತು. ಆದರೆ ಪ್ರಶ್ನೆಯಲ್ಲಿ ಸೆಕೆಂಡಿಗೆ ಅರವತ್ತು ಅಡಿ ವೇಗ ಅಂತ ಕೊಟ್ಟಿದ್ದಾರಲ್ಲ. ಆ ಅರವತ್ತನ್ನು ಎಂತ ಮಾಡುವುದು?"

"ಅದನ್ನು ನಿನ್ನ ದಾರಿ ತಪ್ಪಿಸಲಿಕ್ಕೆ ಕೊಟ್ಟದ್ದು ಲೋಕಯ್ಯ. ಪ್ರಶ್ನೆ ಮಾಡುವವರು ನಿನ್ನಷ್ಟು ಪಾಪದವರಲ್ಲ."

ಎಲ್ಲರೂ ನಕ್ಕರು. ಲೋಕಯ್ಯನೂ ನಕ್ಕು ಕುಳಿತ. ಒಕ್ಕಲಿನವನು ಧನಿಯ ಎದುರು ಎರಡನೆಯ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿರಲಿಲ್ಲ.

ಇಷ್ಟೇ ಆಗಿದ್ದರೆ ಈ ಮನುಷ್ಯನ ಬಗ್ಗೆ ಬರೆಯುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಇಂಥ ಮಾಸ್ತರರು ತಾಲೂಕಿಗೆ ಒಬ್ಬರು ಇದ್ದೇ ಇರುತ್ತಾರೆ. ಆದರೆ ಇವರ ತಂಗಿ ಪ್ರೇಮಾವತಿಗೆ ಒಬ್ಬಳು ಮಗಳಿದ್ದಳು, ನೀಲಾವತಿ. ಮಂಗಳೂರಿನ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ಅವರದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಆದರೆ ಬಾಯಿ ಗಂಡಿನದು. ತಂದೆ ಇದ್ದರೂ ಅತಿಥಿಯಂತೆ ಬಂದು ಹೋಗುವವರು. ಹುಡುಗಿ ಏನು ಓದಬೇಕು, ಎಲ್ಲಿ ಇರಬೇಕು, ಎಂದು ನಿಲ್ಲಿಸಬೇಕು ಎಂಬುದೆಲ್ಲ ಸೋದರಮಾವನ ತೀರ್ಮಾನ. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತಾರೆ. ನೀಲಾವತಿಯ ತಮ್ಮಲೆ ಅವಳನ್ನು ಪ್ರತಿ ಶನಿವಾರ ಬಸ್ಸಿನಲ್ಲಿ ಊರಿಗೆ ಕರೆಸಿಕೊಂಡು, ವಾರವಿಡೀ ನಾನು ಕಲಿಸಿದ್ದನ್ನು ಭಾನುವಾರ ತಿದ್ದುತ್ತಿದ್ದರು. ಮಾರ್ಚ್ ಪರೀಕ್ಷೆಯಲ್ಲಿ ಅವಳು ಗೋಪುರದ ಎತ್ತರವನ್ನು ಕೂಡಿಸಿದಳು. ಬೇರೆ ಪ್ರಶ್ನೆಗಳಲ್ಲಿಯೂ ತಮ್ಮಲೆಯ ಕೈವಾಡ ಇತ್ತು. ಭೌತಶಾಸ್ತ್ರದಲ್ಲಿ ನಪಾಸು.

ಜೂನ್ ತಿಂಗಳಲ್ಲಿ ಅವಳು ನನ್ನ ಕೋಣೆಗೆ ಬಂದು, ತನ್ನ ಉತ್ತರದಲ್ಲಿ ಏನು ತಪ್ಪಿತ್ತು ಎಂದು ಕೇಳಿದಳು. ಅವಳು ಬರೆದು ತೋರಿಸಿದ್ದನ್ನು ನೋಡಿದಾಗ ಮೈಸೂರಿನ ಆ ಕಟ್ಟಿನ ಮೂಲ ನನಗೆ ತಿಳಿಯಿತು. ನಾನು ಹೇಳಿದ್ದು ಇಷ್ಟು: ಅಡ್ಡಕ್ಕೆ ಓಡುವುದು ಬೇರೆ, ಕೆಳಗೆ ಬೀಳುವುದು ಬೇರೆ, ಒಂದಕ್ಕೆ ಇನ್ನೊಂದರ ಗೊಡವೆಯಿಲ್ಲ. ಬೀಳಲು ಎಷ್ಟು ಹೊತ್ತು ಎಂದು ಮೊದಲು ತಿಳಿದುಕೋ. ಆ ಹೊತ್ತಿನಲ್ಲಿ ಅಡ್ಡಕ್ಕೆ ಎಷ್ಟು ಹೋಗುತ್ತದೆ ಎಂದು ಆಮೇಲೆ ನೋಡು. ಅವಳು, "ತಮ್ಮಲೆ ಹೇಳಿದ ಪ್ರಕಾರ ಕಲ್ಲನ್ನು ಮೆಲ್ಲ ಎಸೆದರೂ ಅರವತ್ತನಾಲ್ಕು ಅಡಿ, ಕೋವಿಯಿಂದ ಹೊಡೆದರೂ ಅರವತ್ತನಾಲ್ಕು ಅಡಿ ಅಲ್ವಾ ಮೇಡಂ?" ಎಂದಳು. ಹುಡುಗಿ ದಡ್ಡಿಯಲ್ಲ. ದಡ್ಡಿಯಾಗಿದ್ದರೆ ಮುಂದೆ ಮಾಡಿದ್ದನ್ನು ಕ್ಷಮಿಸಬಹುದಿತ್ತು.

ಸೆಪ್ಟೆಂಬರ್ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷ ಬಿ.ಎಸ್ಸಿ. ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪರೀಕ್ಷೆಯ ಅರ್ಜಿಗೆ ಪೋಷಕರ ಸಹಿ ಬೇಕು. ಆ ಮನೆಯಲ್ಲಿ ಪೋಷಕರೆಂದರೆ ತಮ್ಮಲೆ. ಅವಳು ಅರ್ಜಿ ಹಿಡಿದುಕೊಂಡು ಚಾವಡಿಗೆ ಹೋದಳು. ಸುಮ್ಮನೆ ಸಹಿ ಹಾಕಿಸಿಕೊಂಡು ಬರಬಹುದಿತ್ತು. ಸತ್ಯವನ್ನೂ ಹೇಳಿಬಿಡೋಣ ಎಂದು ತೋರಿತಂತೆ.

"ತಮ್ಮಲೇ, ಅರವತ್ತನಾಲ್ಕು ಅಡಿ ತೆಂಗಿನ ಮರದ ಮೇಲಿನಿಂದ ಕಾಯಿಯನ್ನು ಎಸೆಯದೆ, ಸುಮ್ಮನೆ ಕೈಬಿಟ್ಟರೆ ಅದು ಎಲ್ಲಿ ಬೀಳ್ತದೆ?"

"ಬುಡಕ್ಕೆ. ಮತ್ತೆಲ್ಲಿಗೆ?"

"ನಿಮ್ಮ ಲೆಕ್ಕದಲ್ಲಿ ವೇಗ ಸೊನ್ನೆ, ಸೂತ್ರದಿಂದ ಸೊನ್ನೆ. ಅದಕ್ಕೆ ಎತ್ತರ ಕೂಡಿಸಿದರೆ ಅರವತ್ತನಾಲ್ಕು. ಬುಡಕ್ಕೆ ಬೀಳಬೇಕಾದ ಕಾಯಿ ನೆರೆಮನೆಯವರ ಅಂಗಳಕ್ಕೆ ಬೀಳ್ತದೆ."

ಮಾಸ್ತರರು ಸಿಗರೇಟು ಆರಿಸಿದರು. ತಮ್ಮ ಬದುಕಿನಲ್ಲಿ ಅವರಿಗೆ ಒಂದು ನಿಜವಾದ ಅವಕಾಶ ಬಂದಿದ್ದರೆ ಅದು ಅದೇ ಗಳಿಗೆ. ಐದನೆಯ ತರಗತಿಯ ಮಗುವಿಗೂ ಅರ್ಥವಾಗುವ ಮಾತು ಅವರ ಮುಂದೆ ಇತ್ತು.

"ತೆಂಗಿನಕಾಯಿಗೆ ಫಿಸಿಕ್ಸ್ ಗೊತ್ತುಂಟಾ?" ಎಂದರು ಮಾಸ್ತರರು.

ಒಳಗಿನಿಂದ ಪ್ರೇಮಾವತಿ ನಕ್ಕ ಸದ್ದು ಕೇಳಿತು. ಆಮೇಲೆ ಅವಳೇ ಬಾಗಿಲಿಗೆ ಬಂದು, "ನಿನಗೆ ನಾಚಿಕೆ ಇಲ್ವಾ ಮಾರಾಯ್ತಿ? ತಮ್ಮಲೆಗೆ ಪಾಠ ಹೇಳುವಷ್ಟು ದೊಡ್ಡವಳಾದೆಯಾ? ಅಣ್ಣಾ, ನೀವು ಮನಸ್ಸಿಗೆ ಹಚ್ಚಿಕೊಳ್ಬೇಡಿ. ಮಂಗಳೂರಿನ ನೀರು" ಎಂದಳು.

"ಮಂಗಳೂರಿನ ಆ ಮೇಡಂ ಕಲಿಸಿದ್ದಾ?" ಮಾಸ್ತರರು ಕೇಳಿದರು. "ಅವರು ಪುಸ್ತಕದಲ್ಲಿದ್ದದ್ದು ಹೇಳ್ತಾರೆ. ನಾನು ಲೋಕದಲ್ಲಿದ್ದದ್ದು ಹೇಳ್ತೇನೆ. ಆಗಲಿ. ಸಹಿ ಹಾಕ್ತೇನೆ. ಆದರೆ ನಾಳೆ ನೀನು ಕ್ಲಾಸಿಗೆ ಬಂದು, ಎಲ್ಲರ ಎದುರು ಗೋಪುರದ ಲೆಕ್ಕವನ್ನು ಬೋರ್ಡಿನಲ್ಲಿ ಮಾಡಿ ತೋರಿಸ್ಬೇಕು. ನನ್ನ ಕ್ರಮದಲ್ಲಿ."

"ತಪ್ಪು ಅಂತ ಗೊತ್ತಿದ್ದೂ?"

"ನಿನಗೆ ಎಂತ ಗೊತ್ತುಂಟು ಅಂತ ನಾನು ಕೇಳ್ಲಿಲ್ಲ. ಬರ್ತೀಯಾ ಇಲ್ವಾ?"

ಅಜ್ಞಾನವನ್ನು ನಾನು ಬಹಳ ಕಂಡಿದ್ದೇನೆ; ಅದು ಪಾಠದಿಂದ ಹೋಗುತ್ತದೆ. ಇದು ಬೇರೆ ಜಾತಿಯದು. ಲೆಕ್ಕ ತಪ್ಪೆಂದು ಆ ಸಂಜೆ ಮಾಸ್ತರರಿಗೆ ತಿಳಿದಿತ್ತು ಎಂದೇ ನನ್ನ ನಂಬಿಕೆ. ತಿಳಿಯದಿದ್ದರೆ ಅದನ್ನು ಸರಿ ಎಂದು ಹೇಳಿಸಲು ಒಬ್ಬ ಸಾಕ್ಷಿ ಅವರಿಗೆ ಯಾಕೆ ಬೇಕಿತ್ತು?

ನೀಲಾವತಿ ಹೋದಳು. ಮಾಳಿಗೆಯಲ್ಲಿ ಬೋರ್ಡಿನ ಮುಂದೆ ನಿಂತು, ನೂರು ಅಡಿಯ ಗೋಪುರ, ಅರವತ್ತು ಅಡಿಯ ವೇಗ, ಸೂತ್ರದಿಂದ ಸೊನ್ನೆ, ಎತ್ತರ ಕೂಡಿಸಿ ನೂರು ಅಡಿ ಎಂದು ಅಂದವಾದ ಅಕ್ಷರದಲ್ಲಿ ಬರೆದಳು. ನಿಜವಾದ ಉತ್ತರ ನೂರೈವತ್ತು ಎಂದು ಅವಳಿಗೆ ಗೊತ್ತಿತ್ತು. "ಮಂಗಳೂರಿನಲ್ಲಿ ಕಲಿತವಳು ಸಹ ಹೀಗೆಯೇ ಮಾಡುವುದು, ನೋಡಿಕೊಳ್ಳಿ" ಎಂದರು ಮಾಸ್ತರರು. ಹಿಂದಿನ ಬೆಂಚಿನಿಂದ ಲೋಕಯ್ಯ ಕೈಯೆತ್ತಿದ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಒಕ್ಕಲಿನ ವಾಡಿಕೆಯಂತೆ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

"ಅಕ್ಕಾ, ಹಾಗಾದರೆ ಆ ಅರವತ್ತು ನಿಜವಾಗಿಯೂ ಬೇಡವಾ?"

ಅವಳು ತಮ್ಮಲೆಯ ಮುಖವನ್ನು ನೋಡಿದಳು. ಅರ್ಜಿ ಅವರ ಕೋಟಿನ ಕಿಸೆಯಲ್ಲಿತ್ತು.

"ಬೇಡ" ಎಂದಳು.

ಸಹಿ ಸಿಕ್ಕಿತು. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಗೋಪುರ ಮತ್ತೆ ಬಂತು, ಈ ಸಲ ನೂರ ನಲವತ್ತನಾಲ್ಕು ಅಡಿ, ವೇಗ ಐವತ್ತು. ನೀಲಾವತಿ ಬೀಳಲು ಮೂರು ಸೆಕೆಂಡು, ಅಡ್ಡಕ್ಕೆ ನೂರೈವತ್ತು ಅಡಿ ಎಂದು ಬರೆದು ಪಾಸಾದಳು. ಮಂಗಳೂರಿನಲ್ಲಿ ಕಲಿತ ಅಕ್ಕನೇ ಬೇಡ ಎಂದ ಮೇಲೆ ಲೋಕಯ್ಯನಿಗೆ ಇದ್ದ ಅರ್ಧ ಸಂಶಯವೂ ಹೋಗಿತ್ತು. ಅವನು ನೂರ ನಲವತ್ತನಾಲ್ಕು ಎಂದು ಬರೆದು, ಎರಡು ಗೆರೆ ಎಳೆದ. ಕೆಲವೇ ಅಂಕಗಳಿಂದ ಮತ್ತೊಮ್ಮೆ ನಪಾಸಾದ. ಈ ಹುಡುಗಿ ನನ್ನ ಬಳಿ ಬಂದು ಇದನ್ನೆಲ್ಲ ಹೇಳಿ ಅತ್ತಾಗ ನಾನು ಸಮಾಧಾನ ಮಾಡಲಿಲ್ಲ. ಭೌತಶಾಸ್ತ್ರ ಅವಳಿಗೆ ಬರುತ್ತಿತ್ತು. ಬಂದದ್ದನ್ನು ಅಡವಿಟ್ಟು ಸಹಿ ತಂದಿದ್ದಳು. ಅದರ ಬೆಲೆಯನ್ನು ಬೇರೆಯವನು ತೆತ್ತಿದ್ದ.

ಸೋದರಸೊಸೆ ಪಾಸಾದ ಸಂತೋಷಕ್ಕೆ ಮಾಸ್ತರರು ಟ್ಯುಟೋರಿಯಲ್‌ನಲ್ಲಿ ಪಾಯಸದ ಊಟ ಹಾಕಿಸಿದರು. ಮುಂದಿನ ಜೂನ್‌ನಲ್ಲಿ ಅವಳನ್ನು ಬಿ.ಎಸ್ಸಿ. ಓದಲು ಹಾಸ್ಟೆಲಿಗೆ ಕಳುಹಿಸುವ ಮಾತು ಇನ್ನೂ ಅವರ ಬಾಯಿಂದ ಬಂದಿರಲಿಲ್ಲ. ಎಲೆಯ ಮುಂದೆ ಕುಳಿತವರಿಗೆ ಅವರು ತಮ್ಮ ಕ್ರಮದ ಮಹಿಮೆಯನ್ನು ವಿವರಿಸುತ್ತಿದ್ದಾಗ ಲೋಕಯ್ಯ ಎದ್ದು ನಿಂತ.

"ಮಾಸ್ಟ್ರೇ, ಅಕ್ಕ ಬೋರ್ಡಿನಲ್ಲಿ ಮಾಡಿದ ಹಾಗೆಯೇ ನಾನೂ ಬರೆದೆ. ಅಕ್ಕ ಪಾಸು, ನಾನು ಫೈಲು. ಇದು ಹೇಗೆ?"

"ನಿನ್ನ ಅಕ್ಷರ ಸರಿ ಇಲ್ಲ."

"ನಾನು ಮಕ್ಕಳಿಗೆ ಕಾಪಿ ಬರೆಸುವವ ಮಾಸ್ಟ್ರೇ." ಕೆಲವರು ನಕ್ಕರು. ಅವನು ಹೆಂಗಸರ ಪಂಕ್ತಿಯ ಕಡೆ ತಿರುಗಿದ. "ಅಕ್ಕಾ, ಗೋಪುರದ್ದನ್ನು ನೀವು ಪರೀಕ್ಷೆಯಲ್ಲಿ ಹಾಗೆಯೇ ಮಾಡಿದ್ದಾ?"

ಎಲ್ಲರೂ ಅವಳ ಕಡೆ ನೋಡಿದರು. ಬಿ.ಎಸ್ಸಿ. ಅವಳ ಎಲೆಯ ಪಕ್ಕದಲ್ಲೇ ಕುಳಿತಿತ್ತು ಎನ್ನಬಹುದು. ಒಂದು ಮಾತಿಗೆ ಎದ್ದು ಹೋಗುತ್ತಿತ್ತು.

"ಇಲ್ಲ" ಎಂದಳು ನೀಲಾವತಿ.

ಇಷ್ಟಾದರೂ ಹೇಳಿದಳು. ಆದರೆ ಮುಂಡಪ್ಪ ಮಾಸ್ತರರನ್ನು ಒಂದು ಶಬ್ದದಿಂದ ಕೆಡವಲು ಆಗುತ್ತಿರಲಿಲ್ಲ.

"ನೋಡಿದಿರಾ?" ಎಂದರು, ಪಾಯಸದ ಸೌಟನ್ನು ಮೇಲೆತ್ತಿ. "ಅವಳು ಬಿಟ್ಟೇಬಿಟ್ಟಳು! ಕಷ್ಟದ ಪ್ರಶ್ನೆಯನ್ನು ಮುಟ್ಟಬೇಡಿ ಅಂತ ನಾನು ಎಷ್ಟು ಸಲ ಹೇಳಿದ್ದೇನೆ? ಬಿಡುವುದೂ ಒಂದು ವಿದ್ಯೆ ಮಾರಾಯರೇ. ಲೋಕಯ್ಯ, ನಿನಗೆ ದುರಾಸೆ. ಕೂತುಕೋ, ಪಾಯಸ ಹಾಕ್ತಾರೆ."

ಅವರು ಅದನ್ನು ಒಂದು ಸಲವೂ ಹೇಳಿರಲಿಲ್ಲ. ಆದರೂ ಪಂಕ್ತಿಯಲ್ಲಿ ತಲೆಗಳು ಆಡಿದವು. ಹೇಳಿದ್ದು ನೆನಪಿದೆ ಎನ್ನುವಂತೆ. ನೀಲಾವತಿ ಎಲೆಯ ಕಡೆ ಬಗ್ಗಿದಳು. ಪಾಯಸ ಉಂಡಳು.

ಊಟವಾದ ಮೇಲೆ ಅವಳು ಕೈತೊಳೆಯಲು ಹಿಂದಿನ ಮೆಟ್ಟಿಲ ಬಳಿ ಹೋದಾಗ ಲೋಕಯ್ಯ ಅಲ್ಲಿ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲವಂತೆ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಬಿಟ್ಟದ್ದಲ್ಲ ಅಲ್ವಾ ಅಕ್ಕ? ಬೇರೆ ರೀತಿ ಮಾಡಿದ್ದು."

"ಹೌದು."

"ಆ ವೇಗ ಬೇಕಿತ್ತು."

"ಬೇಕಿತ್ತು."

"ನನಗೆ ಆವತ್ತೇ ಅನಿಸಿತ್ತು. ನೀವು ಬೇಡ ಅಂದಿರಿ, ಬಿಟ್ಟೆ. ಈಗಲಾದರೂ ಹೇಳಿಕೊಡಿ. ಮಾರ್ಚಿಗೆ ಮತ್ತೆ ಕಟ್ಟುತ್ತೇನೆ. ಹೆಡ್‌ಮಾಸ್ಟ್ರು ಇನ್ನೊಂದು ವರ್ಷ ಕಾಯ್ತಾರೆ, ಅದಕ್ಕಿಂತ ಹೆಚ್ಚು ಇಲ್ಲ."

ಅವಳು ಒದ್ದೆ ಬೆರಳಿನಿಂದ ಮೆಟ್ಟಿಲ ಕಲ್ಲಿನ ಮೇಲೆ ಎರಡು ಗೆರೆ ಎಳೆದಳು, ಒಂದು ಅಡ್ಡಕ್ಕೆ, ಒಂದು ಕೆಳಕ್ಕೆ. ಕೆಳಗಿನದರಿಂದ ಹೊತ್ತನ್ನು ತೆಗೆಯುವುದು, ಅಡ್ಡದ್ದಕ್ಕೆ ಆ ಹೊತ್ತನ್ನು ಕೊಡುವುದು. ಗೆರೆ ಆರುವ ಮೊದಲೇ ಲೋಕಯ್ಯನಿಗೆ ಅರ್ಥವಾಗಿತ್ತು. ನೂರ ನಲವತ್ತನಾಲ್ಕು ಅಡಿಯ ಗೋಪುರವನ್ನು ತಾನೇ ಬಾಯಲ್ಲಿ ಮಾಡಿ, ನೂರೈವತ್ತು ಎಂದ.

"ಇಷ್ಟೇಯಾ?"

"ಇಷ್ಟೇ."

"ಇದಕ್ಕೆ ನಾವು ಅಷ್ಟು ಭಜನೆ ಮಾಡಿದ್ದಾ!"

ಒಳಗಿನಿಂದ ಮಾಸ್ತರರು ಸೊಸೆಯನ್ನು ಕೂಗಿದರು. ಬಂದವರಿಗೆ ವೀಳ್ಯ ಕೊಡಬೇಕಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೋದಳು. ಆ ರಾತ್ರಿಯೇ ಹಾಸ್ಟೆಲಿಗೆ ಒಪ್ಪಿಗೆ ಸಿಕ್ಕಿತು. ಎಲ್ಲರ ಎದುರು ತಮ್ಮನ್ನು ಬಯಲು ಮಾಡದ ಸೊಸೆಯ ಬಗ್ಗೆ ಮಾಸ್ತರರಿಗೆ ಹೊಸ ಪ್ರೀತಿ ಹುಟ್ಟಿತ್ತೋ, ಅವಳು ಮನೆಯಿಂದ ದೂರವಿದ್ದರೆ ಒಳ್ಳೆಯದು ಎನಿಸಿತ್ತೋ, ನಾನು ಊಹಿಸಲು ಹೋಗುವುದಿಲ್ಲ. ಎರಡೂ ಅವರ ಸ್ವಭಾವಕ್ಕೆ ಹೊಂದುತ್ತವೆ.

ಲೋಕಯ್ಯ ಮಾರ್ಚ್‌ನಲ್ಲಿ ಪರೀಕ್ಷೆ ಕಟ್ಟಿದ. ಟ್ಯುಟೋರಿಯಲ್ಲಿಗೂ ತಪ್ಪದೆ ಹೋದ. ಹೋಗದಿದ್ದರೆ ಧನಿಗಳಿಗೆ ತಿಳಿಯುತ್ತಿತ್ತು. ಸಂಜೆ ಐದಕ್ಕೆ ಎದ್ದು ನಿಂತು ಎಲ್ಲರೊಂದಿಗೆ ಸೂತ್ರ ಹಾಡಿದ. ಪಕ್ಕದಲ್ಲಿ ಕುಳಿತವರಿಗೆ ಮೆಟ್ಟಿಲ ಕಲ್ಲಿನ ಮೇಲೆ ಕಂಡದ್ದನ್ನು ಹೇಳಿಕೊಟ್ಟನೇ ಎಂದು ನೀಲಾವತಿಯನ್ನು ಕೇಳಿದೆ. ಹೇಳಿಕೊಡಲಿಲ್ಲವಂತೆ. ಸುದ್ದಿ ಮಾಸ್ತರರ ಕಿವಿಗೆ ಬಿದ್ದರೆ ಎಂಬ ಭಯ. ಅಲ್ಲಿ ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಹಾಗಾಗಿಯೇ ಆ ಟ್ಯುಟೋರಿಯಲ್ ಮುಂದೆಯೂ ಬಹಳ ಕಾಲ ನಡೆಯಿತು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಲೋಕಯ್ಯ ಪಾಸಾದ. ಪಾಸಾದವರು ಗುರುಗಳ ಮನೆಗೆ ಬಾಳೆಗೊನೆ ಕೊಂಡುಹೋಗಬೇಕು. ಅವನೂ ಒಂದು ಕದಳಿ ಗೊನೆ ಹೊತ್ತುಕೊಂಡು ಶಿರ್ತಾಡಿಗೆ ಹೋದ. ನೀಲಾವತಿ ಹಾಸ್ಟೆಲಿಗೆ ಹೋಗಲು ಇನ್ನೂ ಒಂದು ತಿಂಗಳಿತ್ತು, ಮನೆಯಲ್ಲಿದ್ದಳು. ಬಾಗಿಲ ಬಳಿ ನಿಂತಿದ್ದಳು. ಮಾಸ್ತರರು ಚಾವಡಿಯ ಕುರ್ಚಿಯಲ್ಲಿದ್ದರು.

"ಪಾಸಾ?"

"ಪಾಸು ಮಾಸ್ಟ್ರೇ."

"ನಾನು ಹೇಳ್ಲಿಲ್ವಾ? ನನ್ನ ಕೈಗೆ ಬಂದವ ಇವತ್ತಲ್ಲದಿದ್ದರೆ ನಾಳೆ ದಡ ಸೇರ್ತಾನೆ. ಗೋಪುರದ್ದು ಬಂದಿತ್ತಾ?"

"ಬಂದಿತ್ತು."

"ಕೂಡಿಸಿದೆಯಾ?"

ಲೋಕಯ್ಯ ಗೊನೆಯನ್ನು ಹೆಗಲಿನಿಂದ ಇಳಿಸಿ ಕಂಬಕ್ಕೆ ಒರಗಿಸಿದ. ಬಾಗಿಲ ಕಡೆ ನೋಡಲಿಲ್ಲ.

"ಕೂಡಿಸಿದೆ ಮಾಸ್ಟ್ರೇ" ಎಂದ.